ಮೇಡಂ ಅವರ ಬಲಗಾಲು

ಎಡಗಾಲಿನ ಸಾಕ್ಸು ಸಲೀಸಾಗಿ ಏರಿತ್ತು. ಬಲಗಾಲಿನದು ಹಿಮ್ಮಡಿಯ ಹತ್ತಿರ ಸಿಕ್ಕಿಕೊಂಡು ಏನು ಮಾಡಿದರೂ ಮುಂದೆ ಹೋಗಲಿಲ್ಲ. ಚಿಕ್ಕಿ ಮಂಚದ ಅಂಚಿಗೆ ಕೂತು, ಅತ್ತಿಗೆಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಸಾಕ್ಸಿನ ಬಾಯನ್ನು ಎರಡೂ ಕೈಯಲ್ಲಿ ಅಗಲಿಸಿ ಮತ್ತೆ ಮೊದಲಿಂದ ಶುರು ಮಾಡಿದಳು.

"ಇದೇನೇ ಇದು?" ಮನೆಯ ಹಿರಿಮಗಳು ದೊಡ್ಡಕ್ಕ ಬಾಗಿಲಲ್ಲೇ ನಿಂತು ಕೇಳಿದಳು. "ಈಗ ಸಾಕ್ಸ್ ಯಾಕೆ? ನೋಡಿದೋರು ಏನಂದ್ಕೋತಾರೆ?"

"ಅತ್ತಿಗೆಗೆ ಕಾಲು ತಣ್ಣಗಾಗುತ್ತೆ."

ಹೇಳಿದ ಮೇಲೆ, ಹೇಳಿದ್ದೇನು ಎಂದು ಚಿಕ್ಕಿಗೇ ಹೊಳೆಯಿತು. ತಲೆ ತಗ್ಗಿಸಿದಳು. ದೊಡ್ಡಕ್ಕ ಏನೋ ಅನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡು, ಒಳಗೆ ಬಂದು, ಹಿಮ್ಮಡಿಯನ್ನು ಅಂಗೈಯಲ್ಲಿ ಎತ್ತಿ ಹಿಡಿದಳು. ಸಾಕ್ಸು ಏರಿತು.

ಹೊರಗಿನ ಕೋಣೆಯಲ್ಲಿ ಜನ ಸೇರುತ್ತಿದ್ದರು. ಚಪ್ಪಲಿಗಳು ಮೆಟ್ಟಿಲು ದಾಟಿ ಬೀದಿಯವರೆಗೂ ಹರಡಿದ್ದವು. ಅತ್ತಿಗೆ ಊರಿನಲ್ಲಿ ದೊಡ್ಡ ಹೆಸರೇನಲ್ಲ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಒಂದು ಡ್ರೈವಿಂಗ್ ಸ್ಕೂಲು, ಒಂದು ಹಳೇ ಬಿಳಿ ಕಾರು, ಅದರ ನೆತ್ತಿಯ ಮೇಲೊಂದು ಹಲಗೆ, ಇಷ್ಟೇ. ಆದರೆ ಊರಲ್ಲಿ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಸಿದವಳು ಅವಳು. ಅವರೆಲ್ಲರಿಗೂ ಅವಳು ‘ಮೇಡಂ’. ಚಿಕ್ಕಿಗೆ ಮಾತ್ರ ಅತ್ತಿಗೆ. ಅಣ್ಣನನ್ನು ಮದುವೆಯಾಗಿ ಈ ಮನೆಗೆ ಬಂದಾಗ ಚಿಕ್ಕಿ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಈಗ ನಲವತ್ತು ದಾಟಿ, ಮದುವೆಯ ಗೋಜಿಗೆ ಹೋಗದೆ, ಅಣ್ಣನ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾಳೆ. ಮಾತು ಕಮ್ಮಿ. ಈ ಮನೆಯಲ್ಲಿ ಅವಳನ್ನು ಮಾತಾಡಿಸುತ್ತಿದ್ದವಳು, ಅವಳ ಬಾಯಿಂದ ನಗು ಹೊರಡಿಸುತ್ತಿದ್ದವಳು ಅತ್ತಿಗೆಯೊಬ್ಬಳೇ.

ಬಾಗಿಲ ಹತ್ತಿರ ಗುಸುಗುಸು ನಿಂತಿತು. ಮೀಸೆ ಮಾಸ್ತರು ಬಂದಿದ್ದರು. ಬೀದಿಯ ಆಚೆ ತುದಿಯ ಇನ್ನೊಂದು ಡ್ರೈವಿಂಗ್ ಸ್ಕೂಲು ಅವರದು. ಆರಡಿ ಎತ್ತರದ ಆ ಮನುಷ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡು ಮಗುವಿನ ಹಾಗೆ ಬಿಕ್ಕುತ್ತಿದ್ದರು.

"ಇವರಿಗೂ ಮೇಡಂಗೂ ಎಣ್ಣೆ ಸೀಗೆಕಾಯಿ ಅಂತ ಕೇಳಿದ್ನಲ್ಲ?" ಎಂದು ಯಾರೋ ಪಿಸುಗುಟ್ಟಿದರು.

"ಅದು ಹಳೇ ಕತೆ ಬಿಡಿ," ಎಂದು ಇನ್ಯಾರೋ ಅಂದರು.

*

ಕೆಲವು ವರ್ಷಗಳ ಹಿಂದೆ ಎದೆಯಲ್ಲಿ ಗಂಟು ಕಾಣಿಸಿದಾಗ ಅತ್ತಿಗೆ ಮೊದಲು ಹೇಳಿದ್ದು ಚಿಕ್ಕಿಗೆ. ಆಪರೇಷನ್ ಆಯಿತು. ಆಮೇಲೆ ಔಷಧಿ ಏರಿಸುವ ಸರದಿ. ಮೊದಲ ಔಷಧಿ ಕೂದಲು ತೆಗೆದುಕೊಂಡು ಹೋಯಿತು, ನಾಲಿಗೆಯ ರುಚಿ ತೆಗೆದುಕೊಂಡು ಹೋಯಿತು. ನೀರು ಕುಡಿದರೂ ಬೀಗದ ಕೈ ನೆಕ್ಕಿದ ಹಾಗೆ ಎನ್ನುತ್ತಿದ್ದಳು. ಬಾಯೆಲ್ಲ ಹುಣ್ಣಾಗಿ, ಐಸ್ ತುಂಡು ಚೀಪುತ್ತಾ, ಕೈಸನ್ನೆಯಲ್ಲೇ ಮನೆ ನಡೆಸಿದಳು.

ಎಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಸುಸ್ತು. ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ ಅದು. ಬಾಚಣಿಗೆ ಎತ್ತಿಡಬೇಕೆಂದರೂ ಕೈ ಏಳದು. ಅದಕ್ಕೆ ಅತ್ತಿಗೆ ಒಂದು ಹೆಸರಿಟ್ಟಿದ್ದಳು. "ದೊಡ್ಡಕ್ಕ ಬಂದ್ರು ಕಣೇ," ಎನ್ನುತ್ತಾ ಮಂಚಕ್ಕೆ ಒರಗುತ್ತಿದ್ದಳು. "ಹೇಳದೆ ಕೇಳದೆ ಬರ್ತಾರೆ. ಎದೆ ಮೇಲೆ ಕೂತ್ಕೋತಾರೆ. ಹೋಗಿ ಅನ್ನೋಕೂ ಆಗಲ್ಲ." ಚಿಕ್ಕಿ ನಕ್ಕರೆ, "ಶ್! ಕೇಳಿಸ್ಕೊಂಡ್ರೆ ಇನ್ನೆರಡು ದಿನ ಇರ್ತಾರೆ," ಎಂದು ಬಾಯಿಗೆ ಬೆರಳಿಡುತ್ತಿದ್ದಳು.

ಇಷ್ಟರ ನಡುವೆಯೂ ಮೈ ಸ್ವಲ್ಪ ಹಗುರಾದ ದಿನ ಪಾಠ ತಪ್ಪಿಸುತ್ತಿರಲಿಲ್ಲ. ತಲೆಗೊಂದು ಹತ್ತಿ ಬಟ್ಟೆ ಸುತ್ತಿಕೊಂಡು, ಕಲಿಯುವವರ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದಳು. ಕಲಿಸುವವರ ಕಾರಿನಲ್ಲಿ ಆ ಸೀಟಿನವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರ ಧೈರ್ಯವೆಲ್ಲ ಅದರ ಮೇಲೆ ನಿಂತಿರುತ್ತದೆ. ಚಿಕ್ಕಿ ನೀರಿನ ಬಾಟಲಿ ಹಿಡಿದು ಹಿಂದೆ ಕೂರುತ್ತಿದ್ದಳು.

ಎರಡನೇ ಔಷಧಿ ಶುರುವಾದ ಮೇಲೆ ಬೆರಳುಗಳಲ್ಲಿ ಇರುವೆ ಹರಿದ ಹಾಗಾಯಿತು. ಆಮೇಲೆ ಪಾದಗಳಲ್ಲಿ. ಇರುವೆಗಳೂ ಹೋದ ಮೇಲೆ ಏನೂ ಉಳಿಯಲಿಲ್ಲ. "ಬೇರೆಯವರ ಕಾಲ ಮೇಲೆ ನಿಂತ ಹಾಗಿದೆ," ಎಂದಿದ್ದಳು ಒಮ್ಮೆ. ಅಷ್ಟೇ. ಮತ್ತೆ ಆ ಮಾತೆತ್ತಲಿಲ್ಲ.

ಅವತ್ತು ಸ್ಟೀರಿಂಗ್ ಹಿಡಿದಿದ್ದವಳು ಅಂಚೆ ಕಚೇರಿಯ ಗುಮಾಸ್ತೆ. ಮಾರುಕಟ್ಟೆಯ ತಿರುವಿನಲ್ಲಿ ಒಬ್ಬ ಹೆಂಗಸು ಮಗುವಿನ ತಳ್ಳುಗಾಡಿಯೊಂದಿಗೆ ರಸ್ತೆಗಿಳಿದಳು. ಗುಮಾಸ್ತೆಗೆ ಕೈಕಾಲು ಆಡಲಿಲ್ಲ. ಅತ್ತಿಗೆ ಬ್ರೇಕ್ ಒತ್ತಿದಳು. ಒತ್ತಿದೆ ಎಂದುಕೊಂಡಳು. ಕಾರು ನಿಲ್ಲಲಿಲ್ಲ. ಕೊನೇ ಗಳಿಗೆಯಲ್ಲಿ ಗುಮಾಸ್ತೆಯೇ ಕಿರುಚಿ ತನ್ನ ಬ್ರೇಕನ್ನು ತುಳಿದಳು. ಕಾರು ಮುಗ್ಗರಿಸಿ, ತಳ್ಳುಗಾಡಿಯಿಂದ ಒಂದು ತೋಳಿನಷ್ಟು ದೂರದಲ್ಲಿ ನಿಂತಿತು. ತಳ್ಳುಗಾಡಿಯವಳು ತಿರುಗಿಯೂ ನೋಡದೆ ದಾಟಿ ಹೋದಳು.

ಚಿಕ್ಕಿ ಮುಂದಕ್ಕೆ ಬಗ್ಗಿ ನೋಡಿದಳು. ಅತ್ತಿಗೆಯ ಬಲಗಾಲು ಬ್ರೇಕಿನ ಪಕ್ಕದ ಬರೀ ಮ್ಯಾಟನ್ನು ಬಲವಾಗಿ ಒತ್ತಿಕೊಂಡು ನಿಂತಿತ್ತು. ಅತ್ತಿಗೆಯೂ ಅದನ್ನೇ ನೋಡುತ್ತಿದ್ದಳು.

"ಬ್ರೇಕ್ ಹಾಕಿದ್ದು ನೀನು," ಎಂದಳು ಗುಮಾಸ್ತೆಗೆ. "ನಾನಲ್ಲ. ಚೆನ್ನಾಗಿ ಹಾಕಿದೆ. ಈಗ ನಿಧಾನಕ್ಕೆ ಪಕ್ಕಕ್ಕೆ ನಿಲ್ಲಿಸು. ಕೀ ತೆಗೆದು ನನ್ನ ಕೈಗೆ ಕೊಡು."

*

"ನನಗೆ ಫೋನ್ ಬಂತು," ಮೀಸೆ ಮಾಸ್ತರು ಹೇಳುತ್ತಿದ್ದರು. ಯಾರೋ ಕುರ್ಚಿ ಕೊಟ್ಟಿದ್ದರು, ನೀರು ಕೊಟ್ಟಿದ್ದರು. ಸುತ್ತ ಕೂತವರಲ್ಲಿ ಬಹಳ ಜನ ಅವಳ ಹತ್ತಿರ ಕಲಿತವರೇ. "ಆ ಹೊತ್ತಿಗೆ ನಾವಿಬ್ರೂ ಮುಖ ಕೊಟ್ಟು ಮಾತಾಡಿ ಎಷ್ಟೋ ವರ್ಷ ಆಗಿತ್ತು. ತಪ್ಪು ನನ್ನದೇ. ಹೆಂಗಸರ ಹತ್ರ ಡ್ರೈವಿಂಗ್ ಕಲಿತರೆ ನೆಟ್ಟಗೆ ಚರಂಡಿಗೇ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದೆ. ಫೋನಲ್ಲಿ ಏನಂದ್ರು ಗೊತ್ತಾ? ‘ಮಾಸ್ತರೇ, ನನ್ನ ಕಾಲು ಕೈಕೊಟ್ಟಿದೆ, ಸ್ವಲ್ಪ ಬನ್ನಿ’ ಅಂದ್ರು."

ಯಾರೋ ನಕ್ಕರು, ತಕ್ಷಣ ತಡೆದುಕೊಂಡರು.

"ನಗಿ, ನಗಿ. ನಾನೂ ನಕ್ಕೆ. ಹೋಗಿ ನೋಡಿದರೆ ರಸ್ತೆ ಬದಿ ಕಟ್ಟೆ ಮೇಲೆ ಕೂತಿದಾರೆ. ಮುಖ ಸುಣ್ಣ ಆಗಿದೆ. ನಡೆದದ್ದನ್ನ ಒಂದಕ್ಷರ ಬಿಡದೆ ಹೇಳಿದ್ರು. ಮುಚ್ಚಿಡಬಹುದಿತ್ತು ರೀ! ಹಿಂದೆ ಕೂತಿದ್ದ ಈ ಚಿಕ್ಕಿ ಬಿಟ್ಟರೆ ಇನ್ಯಾರಿಗೂ ಕಾಲು ಕಂಡಿರಲಿಲ್ಲ. ಕಾರು ತಂದು ಮನೆ ಮುಂದೆ ನಿಲ್ಲಿಸಿದೆ. ಅವತ್ತು ಸಂಜೆಯೇ ಒಬ್ಬೊಬ್ಬ ಶಿಷ್ಯರಿಗೂ ಫೋನ್ ಮಾಡಿ, ‘ನನ್ನ ಕಾಲಿಗೆ ಸ್ಪರ್ಶ ಇಲ್ಲ, ನಿಮ್ಮ ಪಕ್ಕ ಕೂರೋ ಯೋಗ್ಯತೆ ಸದ್ಯಕ್ಕೆ ನನಗಿಲ್ಲ’ ಅಂದ್ರು."

"ನನಗೂ ಬಂದಿತ್ತು," ಎಂದಳು ಗೋಡೆಗೊರಗಿ ಕೂತಿದ್ದ ಒಬ್ಬಾಕೆ. "ನಾನು ಅಳ್ತಾ ಇದ್ದೆ, ಮೇಡಂ ನನಗೆ ಸಮಾಧಾನ ಹೇಳ್ತಿದ್ರು."

"ಮಾರನೇ ದಿನ ನನ್ನ ಸ್ಕೂಲಿಗೆ ಬಂದ್ರು," ಮಾಸ್ತರು ಮುಂದುವರಿಸಿದರು. "‘ನನ್ನ ಶಿಷ್ಯರನ್ನೆಲ್ಲ ನೀವೇ ತಗೊಳ್ಳಿ’ ಅಂತಾರೆ ಅಂದ್ಕೊಂಡೆ. ಒಳಗೊಳಗೇ ಖುಷಿಯೂ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅವರು ಕೇಳಿದ್ದೇ ಬೇರೆ. ‘ನಿಮ್ಮ ಕಾಲು ಬೇಕು. ನೀವು ಮುಂದೆ ಬ್ರೇಕಿನ ಹತ್ರ ಕೂರಿ, ನಾನು ಹಿಂದೆ ಕೂತು ಕಲಿಸ್ತೀನಿ. ಒಂದೇ ಷರತ್ತು, ನೀವು ಬಾಯಿ ತೆಗೀಬಾರದು’ ಅಂದ್ರು."

"ಒಪ್ಕೊಂಡ್ರಾ?"

"ಒಪ್ಪಲ್ಲ ಅಂತ ಹೇಳೋಕೆ ಬಾಯಿ ತೆಗೆದೆ. ‘ನೋಡಿ, ಆಗ್ಲೇ ತೆಗೆದ್ರಿ’ ಅಂದ್ರು."

ಈ ಸಲ ನಗು ತಡೆಯುವುದು ಯಾರಿಂದಲೂ ಆಗಲಿಲ್ಲ. ಮಾಸ್ತರು ಮೀಸೆ ಒರೆಸಿಕೊಂಡರು.

"ಔಷಧಿಗೆ ಆಗಾಗ ಪದಗಳೇ ಮರೆತು ಹೋಗ್ತಿದ್ದವು ಅವರಿಗೆ. ಒಂದಿನ ‘ಎಡ’ ಅನ್ನೋದು ಬಾಯಿಗೇ ಬರ್ತಿಲ್ಲ. ತಿರುವು ಬಂದೇಬಿಡ್ತು. ‘ತಿರುಗ್ಸು, ಆ ಕಡೆ, ಅದೇ ಕಣಪ್ಪ, ಬಲ ಅಲ್ಲದೇ ಇರೋದು!’ ಅಂತ ಕೂಗಿದ್ರು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಆಮೇಲಿಂದ ಶಿಷ್ಯರ ಹೆಗಲು ತಟ್ಟಿ ತೋರಿಸೋಕೆ ಶುರು ಮಾಡಿದ್ರು. ಎಡ ಹೆಗಲು, ಬಲ ಹೆಗಲು. ‘ಹಾರ್ನ್ ಬೇಡ, ಕೈ ತೋರಿಸಿ ನೀವು ಮೊದಲು ಅನ್ನು’ ಅನ್ನೋದು ಎಲ್ಲರಿಗೂ ಅವರ ಮೊದಲ ಪಾಠ. ನಾನು ಕಲಿಸುವಾಗ ಬೈತಿದ್ದೆ ರೀ. ಬೈಯದೆ ಕಲಿಸಬಹುದು ಅಂತ ನನಗೆ ಗೊತ್ತಾಗಿದ್ದು ಆ ಸೀಟಲ್ಲಿ ಕೂತ ಮೇಲೆ."

*

ಕಾಲಿನ ಸಂಗತಿ ಡಾಕ್ಟರಿಗೆ ಹೇಳಿದಾಗ ಆಕೆ ಪೆನ್ನು ಕೆಳಗಿಟ್ಟರು. ಪಾದಗಳನ್ನು ಸೂಜಿಯ ಮೊನೆಯಿಂದ ಮುಟ್ಟಿ ಮುಟ್ಟಿ ನೋಡಿದರು. ಔಷಧಿಯ ಪ್ರಮಾಣ ಕಡಿಮೆ ಮಾಡಬಹುದು, ಅಥವಾ ಹೀಗೇ ಪೂರ್ತಿ ಮುಗಿಸಬಹುದು ಎಂದರು.

"ಕಮ್ಮಿ ಮಾಡಿದ್ರೆ ಕಾಯಿಲೆ ವಾಪಸ್ ಬರುತ್ತಾ?" ಅತ್ತಿಗೆ ಕೇಳಿದಳು.

"ಗೊತ್ತಿಲ್ಲ. ಬರದೇ ಇರಬಹುದು. ಪೂರ್ತಿ ಕೊಟ್ಟರೂ ಬರಬಹುದು."

"ಪೂರ್ತಿ ತಗೊಂಡ್ರೆ ಕಾಲು?"

"ಅದೂ ಖಚಿತವಾಗಿ ಹೇಳೋಕಾಗಲ್ಲ. ಕೆಲವರಿಗೆ ಸ್ಪರ್ಶ ವಾಪಸ್ ಬರುತ್ತೆ. ಕೆಲವರಿಗೆ ಹಾಗೇ ಉಳಿದುಬಿಡುತ್ತೆ."

ಅತ್ತಿಗೆ ತಲೆಯಾಡಿಸಿ, "ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದ್ರಲ್ಲ, ನಿಮ್ಮ ಮೇಲೆ ನಂಬಿಕೆ ಬಂತು," ಎಂದಳು.

ಹೊರಗಿನ ಬೆಂಚಿನ ಮೇಲೆ ಅಣ್ಣ ಅವಳ ಕೈ ಹಿಡಿದುಕೊಂಡ. "ಪೂರ್ತಿ ತಗೋ. ಕಾಲು ಹೋದರೆ ಹೋಗ್ಲಿ. ನಾನು ಹೊತ್ಕೊಂಡು ತಿರುಗ್ತೀನಿ."

"ನಿನ್ನ ಸೊಂಟ ನೋಡ್ಕೋ ಮೊದಲು," ಎಂದಳು ಅತ್ತಿಗೆ. ಅಣ್ಣ ನಗಲಿಲ್ಲ. ಅವನು ಬಿಲ್ಲು ಕಟ್ಟಲು ಎದ್ದು ಹೋದ ಮೇಲೆ ಚಿಕ್ಕಿಯ ಕಡೆ ತಿರುಗಿದಳು. "ನೀನೇನಂತೀಯೇ?"

"ನಿಮಗೆ ಭಯ ಆಗ್ತಿಲ್ವಾ ಅತ್ತಿಗೆ?"

"ಆಗ್ತಿದೆ. ಕಮ್ಮಿ ಮಾಡಿಸ್ಕೊಳ್ಳೋಕೂ ಭಯ, ಪೂರ್ತಿ ತಗೊಳ್ಳೋಕೂ ಭಯ. ಎರಡೂ ಕಡೆ ಸರಿಸಮ ಇದೆ. ಹಾಗಾಗಿ ಭಯದ ಮಾತು ಕೇಳಿ ಪ್ರಯೋಜನ ಇಲ್ಲ." ಕಾಲುಗಳನ್ನು ಮುಂದೆ ಚಾಚಿ ನೋಡಿಕೊಂಡಳು. "ಎಷ್ಟು ದಿನ ಇರ್ತೀನೋ ಯಾರಿಗೂ ಗೊತ್ತಿಲ್ಲ ಅಂದ ಮೇಲೆ, ಇರೋ ದಿನ ನಾನು ನಾನಾಗಿರಬೇಕು ಕಣೇ. ಕಮ್ಮಿ ಮಾಡಿಸ್ಕೋತೀನಿ."

ಅಣ್ಣ ವಾಪಸ್ ಬಂದಾಗ ಅದನ್ನೇ ಹೇಳಿದಳು. ಅವನು ಬಹಳ ಹೊತ್ತು ಕನ್ನಡಕ ಒರೆಸಿದ. ಆಮೇಲೆ, "ಸರಿ," ಎಂದ. ಆ ಒಂದು ‘ಸರಿ’ ಅವನ ಎದೆಯಲ್ಲಿ ಮುಳ್ಳಾಗಿ ಕೂತದ್ದು ಚಿಕ್ಕಿಗೆ ಗೊತ್ತಿತ್ತು.

ಔಷಧಿ ಮುಗಿದ ಮೇಲೆ ಅತ್ತಿಗೆ ತೂಕ ನೋಡುವ ಯಂತ್ರವನ್ನು ಕುರ್ಚಿಯ ಮುಂದೆ ಇಡಿಸಿಕೊಂಡಳು. ಅದರ ಮೇಲೆ ಬಲಗಾಲಿಟ್ಟು, ಕಣ್ಣು ಮುಚ್ಚಿ ಒತ್ತುವುದು. ಎಷ್ಟು ಒತ್ತಿದೆ ಎಂದು ಊಹಿಸುವುದು. ಮುಳ್ಳು ನೋಡಿ ಹೇಳುವ ಕೆಲಸ ಚಿಕ್ಕಿಯದು.

"ಇಪ್ಪತ್ತು?"

"ಅತ್ತಿಗೆ, ಕಾಲು ಯಂತ್ರದ ಮೇಲೇ ಇಲ್ಲ."

"ಥತ್. ಮತ್ತೆ ಇಡು."

ಹೀಗೇ ದಿನಾ ಬೆಳಿಗ್ಗೆ, ಅಂಗಡಿಗೆ ಹೋಗುವ ಮುಂಚೆ. ಕೆಲವು ವಾರ ಏನೂ ಬದಲಾಗಲಿಲ್ಲ. ಒಮ್ಮೆ ಸಿಟ್ಟು ಬಂದು ಯಂತ್ರವನ್ನು ಒದೆಯಲು ಹೋಗಿ ಕುರ್ಚಿಯ ಕಾಲನ್ನು ಒದ್ದಳು. ಹೆಬ್ಬೆರಳಿನ ಉಗುರು ಕಿತ್ತು ರಕ್ತ ಬಂತು. ನೋವು ಮಾತ್ರ ತಿಳಿಯಲಿಲ್ಲ. ಅವತ್ತು ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿ ಅತ್ತಳು. ಚಿಕ್ಕಿ ಪಕ್ಕದಲ್ಲಿ ಕೂತು ಪಾದ ತಿಕ್ಕಿದಳು. ಮರುದಿನ ಬೆಳಿಗ್ಗೆ ಬೆರಳಿಗೆ ಪಟ್ಟಿ ಕಟ್ಟಿಕೊಂಡು, "ಯಂತ್ರ ತಾ," ಎಂದಳು.

ಆಮೇಲೆ ಒಂದು ದಿನ ಉಗುರಿನ ಜಾಗದಲ್ಲಿ ಸಣ್ಣಗೆ ಉರಿಯುತ್ತಿದೆ ಎಂದು ಮನೆಯೆಲ್ಲ ಕುಣಿದಾಡಿದಳು. ಊಹೆಗೂ ಮುಳ್ಳಿಗೂ ನಡುವಿನ ಅಂತರ ಕಿರಿದಾಗುತ್ತ ಬಂತು. ಕೊನೆಗೆ ಎಷ್ಟೋ ದಿನ ಸತತವಾಗಿ ಸರಿ ಹೇಳಿದ ಮೇಲೂ ತಾನೇ ತೀರ್ಮಾನಿಸಲಿಲ್ಲ. ಡಾಕ್ಟರಿಗೆ ತೋರಿಸಿದಳು, ಮಾಸ್ತರನ್ನು ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ ಬ್ರೇಕ್ ಹಾಕಿ ಹಾಕಿ ತೋರಿಸಿದಳು. ಒಂದು ಬೆಳಿಗ್ಗೆ ಪಾಠದ ನಡುವೆ ಮಾಸ್ತರು ಕಾರು ನಿಲ್ಲಿಸಲು ಸನ್ನೆ ಮಾಡಿ, ಇಳಿದು, ಹಿಂದಿನ ಬಾಗಿಲು ತೆರೆದು ನಿಂತರು. ಷರತ್ತಿನಂತೆ ಬಾಯಿ ತೆಗೆಯಲಿಲ್ಲ. ಅತ್ತಿಗೆ ಹೋಗಿ ಮುಂದೆ ಕೂತಳು.

ಕಾಲು ಪೂರ್ತಿ ಮೊದಲಿನಂತಾಗಲಿಲ್ಲ. ಯಾವಾಗಲೂ ತಣ್ಣಗೆ, ಬೆರಳ ತುದಿ ಜುಮುಜುಮು. ಆದರೆ ಅವಳು ಕಾರಿಗೆ ಮರಳಿದಳು. ಕೂದಲು ಗುಂಗುರಾಗಿ ಬಂತು. ಪರೀಕ್ಷೆ ಮಾಡಿಸಿ ರಿಪೋರ್ಟಿಗೆ ಕಾಯುವ ದಿನಗಳಲ್ಲಿ, ಸ್ಟೀರಿಂಗ್ ಕಂಡರೆ ಬೆವರುವಂಥ ಶಿಷ್ಯರನ್ನೇ ಆರಿಸಿ ಕರೆಯುತ್ತಿದ್ದಳು. "ಬೇರೆಯವರ ಭಯ ನೋಡ್ಕೊಳ್ತಾ ಇದ್ರೆ ನನ್ನದು ಮೂಲೇಲಿ ಸುಮ್ನೆ ಕೂತಿರುತ್ತೆ," ಎನ್ನುತ್ತಿದ್ದಳು. ರಿಪೋರ್ಟು ಚೆನ್ನಾಗಿ ಬರುತ್ತಿತ್ತು. ಮತ್ತೆ ಆರು ತಿಂಗಳಿಗೆ ಇನ್ನೊಂದು. ಹಾಗೆ ವರ್ಷಗಳು ಕಳೆದವು. ಕಳೆದ ಚಳಿಗಾಲದಲ್ಲಿ ಬೆನ್ನು ನೋವೆಂದಳು. ಕಾಯಿಲೆ ಮೂಳೆಯಲ್ಲಿ ಬಂದು ಕೂತಿತ್ತು.

*

"ಅವತ್ತು ಔಷಧಿ ಪೂರ್ತಿ ತಗೊಂಡಿದ್ರೆ ಇವತ್ತು ಹೀಗಾಗ್ತಿತ್ತಾ?"

ದೊಡ್ಡಕ್ಕನ ದನಿ. ಬಾಗಿಲ ಹತ್ತಿರದ ಹೆಂಗಸರಿಗೆ ಹೇಳುತ್ತಿದ್ದಳು. ಆದರೆ ಅವಳ ಪಿಸುಮಾತು ಎರಡು ಮನೆ ಆಚೆಗೆ ಕೇಳುವಂಥದ್ದು. "ನಾನು ಅವತ್ತೇ ಬಡ್ಕೊಂಡೆ. ಕಾರು ಓಡಿಸೋ ಹುಚ್ಚು! ಮನೇಲಿದ್ದ ಗಂಡಸಾದ್ರೂ ಬೇಡ ಅನ್ನಬೇಕಿತ್ತಲ್ಲ."

ಅಣ್ಣ ಮೂಲೆಯ ಕುರ್ಚಿಯಲ್ಲಿದ್ದ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದ. ಒರೆಸಿದ. ಮತ್ತೆ ಒರೆಸಿದ. ಗಾಜಿನಲ್ಲಿ ಕೊಳೆಯೇ ಇರಲಿಲ್ಲ.

ಚಿಕ್ಕಿ ಎದ್ದು ನಿಂತಳು. ಎಲ್ಲರೂ ಅವಳತ್ತ ನೋಡಿದರು. ಅಷ್ಟು ಜನರ ನಡುವೆ ಅವಳು ಬಾಯಿ ತೆರೆದದ್ದನ್ನು ಯಾರೂ ಕಂಡಿರಲಿಲ್ಲ.

"ಹಾಗನ್ನಬೇಡ ಅಕ್ಕ."

"ನಾನೇನು ಇಲ್ಲದ್ದು—"

"ಡಾಕ್ಟರಿಗೇ ಗೊತ್ತಿರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ಗೊತ್ತಿಲ್ಲ ಅಂದ್ರು. ಮೊನ್ನೆ ಮತ್ತೆ ಕೇಳಿದೆ, ಈಗಲೂ ಗೊತ್ತಿಲ್ಲ ಅಂದ್ರು. ಅವರಿಗೇ ಗೊತ್ತಿಲ್ಲದ್ದು ನಿನಗೆ ಹೇಗೆ ಗೊತ್ತಾಯ್ತು?" ಚಿಕ್ಕಿ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಅಣ್ಣ ಪೂರ್ತಿ ತಗೋ ಅಂದ. ಅತ್ತಿಗೆ ಬೇಡ ಅಂದ್ರು. ಯೋಚನೆ ಮಾಡಿಯೇ ಅಂದ್ರು. ಆಮೇಲೆ ಒಂದು ದಿನಾನೂ ಅವರು ಹಿಂದಿರುಗಿ ನೋಡಲಿಲ್ಲ ಅಕ್ಕ, ಕಾಯಿಲೆ ವಾಪಸ್ ಬಂದ ಮೇಲೂ. ಇಲ್ಲಿ ಕೂತಿರೋರಲ್ಲಿ ಎಷ್ಟು ಜನ ಆಮೇಲೆ ಕಲಿತೋರು ಕೇಳು. ಅವರು ಸುಮ್ನೆ ಬದುಕಿರಲಿಲ್ಲ. ಅವರಾಗೇ ಇದ್ರು."

ಗೋಡೆಗೊರಗಿದ್ದಾಕೆ ಮೆಲ್ಲಗೆ ಕೈ ಎತ್ತಿದಳು, ಶಾಲೆಯಲ್ಲಿ ಎತ್ತುವ ಹಾಗೆ. ಪಕ್ಕದವನು ಎತ್ತಿದ. ಕಿಟಕಿಯ ಹತ್ತಿರ ನಿಂತಿದ್ದ ಮುದುಕರೊಬ್ಬರು ಎತ್ತಿದರು; ಎಪ್ಪತ್ತು ದಾಟಿದ ಮೇಲೆ ಕಲಿತ ಅವರನ್ನು ಅತ್ತಿಗೆ ‘ಗೇರಜ್ಜ’ ಎಂದು ಕರೆಯುತ್ತಿದ್ದಳು. ಅಣ್ಣನ ಕೈ ಒರೆಸುವುದನ್ನು ನಿಲ್ಲಿಸಿತು. ಕನ್ನಡಕ ಹಾಕಿಕೊಂಡು ಆ ಕೈಗಳನ್ನು ಒಂದೊಂದಾಗಿ ನೋಡಿದ.

ದೊಡ್ಡಕ್ಕ ಕುಸಿದು ಕೂತಳು. "ಯಾರ ಮೇಲಾದ್ರೂ ಸಿಟ್ಟು ಮಾಡ್ಕೋಬೇಕಲ್ಲೇ," ಎಂದು ಅಳತೊಡಗಿದಳು. "ಇಲ್ದಿದ್ರೆ ಹೇಗೆ ತಡ್ಕೊಳ್ಳೋದು?"

ಚಿಕ್ಕಿ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಸ್ವಲ್ಪ ಹೊತ್ತಾದ ಮೇಲೆ ದೊಡ್ಡಕ್ಕ ಮೂಗು ಒರೆಸಿಕೊಂಡು, ಅವಳ ಕಿವಿಯಲ್ಲಿ, ಈ ಸಲ ನಿಜವಾಗಿಯೂ ಪಿಸುಮಾತಿನಲ್ಲಿ ಅಂದಳು: "ಸುಸ್ತಿಗೆ ನನ್ನ ಹೆಸರಿಟ್ಟಿದ್ಲಂತಲ್ಲ."

ಚಿಕ್ಕಿ ಥಟ್ಟನೆ ತಿರುಗಿದಳು. "ನಿನಗೆ ಯಾರು ಹೇಳಿದ್ರು?"

"ಅವಳೇ. ಫೋನ್ ಮಾಡಿ ಹೇಳಿದ್ಲು. ‘ಅಕ್ಕ, ನಿಮ್ಮನ್ನ ದಿನಾ ನೆನೆಸ್ಕೋತೀನಿ’ ಅಂದ್ಲು. ಒಂದು ವಾರ ಮಾತು ಬಿಟ್ಟಿದ್ದೆ. ಆಮೇಲೆ ನಾನೇ ಫೋನ್ ಮಾಡಿ, ‘ಇವತ್ತು ನಾನು ಬಂದಿದೀನಾ ಹೋಗಿದೀನಾ’ ಅಂತ ಕೇಳ್ತಿದ್ದೆ."

*

ಸ್ಮಶಾನದಲ್ಲಿ ಎಲ್ಲ ಬೇಗ ಮುಗಿಯಿತು. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು. ಜನ ಒಬ್ಬೊಬ್ಬರಾಗಿ ಬಂದು ಅಣ್ಣನ ಕೈ ಮುಟ್ಟಿ, ಗೇಟಿನ ಹೊರಗೆ ನಿಲ್ಲಿಸಿದ್ದ ತಮ್ಮ ತಮ್ಮ ಕಾರುಗಳ ಕಡೆ ನಡೆದರು. ಚಿಕ್ಕಿ, ಅಣ್ಣ, ದೊಡ್ಡಕ್ಕ ಮೀಸೆ ಮಾಸ್ತರ ಕಾರಿನಲ್ಲಿ ಕೂತರು. ಮಾಸ್ತರು ಎಂಜಿನ್ ಚಾಲೂ ಮಾಡಿ ಕಾದರು.

ಹೊರಗಿನ ರಸ್ತೆ ಕಿರಿದು. ಒಂದು ಸಲಕ್ಕೆ ಒಂದೇ ಕಾರು ಹೋಗಬೇಕು. ಎರಡೂ ಬದಿಯಲ್ಲಿ ಸಾಲಾಗಿ ನಿಂತ ಕಾರುಗಳೆಲ್ಲ ಹೊರಡಲು ಸಿದ್ಧವಾಗಿದ್ದವು. ಅಂಚೆ ಕಚೇರಿಯ ಗುಮಾಸ್ತೆ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಹಿಂದಿನವರಿಗೆ ಮೊದಲು ಹೋಗಿ ಎಂದು ಕೈ ತೋರಿಸಿದಳು. ಹಿಂದಿದ್ದವರು ಗೇರಜ್ಜ, ಅವರು ತಲೆಯಾಡಿಸಿ, ನೀನು ಹೋಗಮ್ಮ ಎಂದು ಕೈಬೀಸಿದರು. ಎದುರು ಬದಿಯವನು ಇಬ್ಬರಿಗೂ ದಾರಿ ಬಿಟ್ಟು ನಿಂತ. ಅವನ ಹಿಂದಿನಾಕೆ ಅವನಿಗೆ ಬಿಟ್ಟು ನಿಂತಳು. ಒಂದು ಹಾರ್ನ್ ಇಲ್ಲ. ಸಾಲುದ್ದಕ್ಕೂ ಇಂಡಿಕೇಟರುಗಳು ಮಿಟುಕುತ್ತಿದ್ದವು, ಪ್ರತಿ ಕಿಟಕಿಯಿಂದ ಒಂದೊಂದು ಕೈ ಹೊರಗೆ ಬಂದು, ನೀವು ಮೊದಲು, ನೀವು ಮೊದಲು ಎನ್ನುತ್ತಿತ್ತು. ಒಂದು ಕಾರೂ ಅಲುಗಲಿಲ್ಲ.

ಹೆಣ ತಂದ ಗಾಡಿಯ ಡ್ರೈವರು ಬೇರೆ ಊರಿನವನು. ಕೊನೆಯಲ್ಲಿ ಸಿಕ್ಕಿಕೊಂಡಿದ್ದ ಅವನು ಇಳಿದು ಬಂದು, ಸೊಂಟಕ್ಕೆ ಕೈಯಿಟ್ಟು ಈ ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ.

"ಯಾರಾದ್ರೂ ಒಬ್ರು ಹೋಗ್ರಪ್ಪ," ಎಂದ.

ಮಾಸ್ತರು ಸ್ಟೀರಿಂಗ್ ಮೇಲೆ ಹಣೆಯಿಟ್ಟರು. ಅವರ ಭುಜಗಳು ಕುಲುಕುತ್ತಿದ್ದವು. ಕಿಟಕಿಯ ಹೊರಗೆ ಕೈಗಳು ಇನ್ನೂ ಬೀಸುತ್ತಲೇ ಇದ್ದವು.